ಮೂರು ಗಂಟೆಗೆ ನೀರು ಬಿಡ್ತಾರ

ನಾವಿರುವುದು ಹೊಸಪೇಟೆಯ ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ. ಮಳೆಗಾಲದಲ್ಲಿ ಗೇಟು ಎತ್ತಿದರೆ ನಮ್ಮ ಅಡುಗೆಮನೆಯ ಸ್ಟೀಲು ಡಬ್ಬಿಗಳ ಮುಚ್ಚಳಗಳು ಸಣ್ಣಗೆ ನಡುಗುತ್ತವೆ. ಅಷ್ಟು ಹತ್ತಿರ. ಎಲ್ಲೆಲ್ಲಿಂದಲೋ ಜನ ಚಿತ್ರಾನ್ನ ಕಟ್ಟಿಕೊಂಡು ಬಂದು, ನಮ್ಮ ಮನೆಯ ಮುಂದೆಯೇ ಗಾಡಿ ನಿಲ್ಲಿಸಿ, ನೀರು ಬೀಳೋದು ಎಲ್ಲಿಂದ ಚೆನ್ನಾಗಿ ಕಾಣುತ್ತದೆ ಎಂದು ನನ್ನನ್ನೇ ಕೇಳುತ್ತಾರೆ. ಹೀಗಿರುವಾಗ ನಾವು ಒಂದು ಭಾನುವಾರ ಪೆಟ್ರೋಲು ಹಾಕಿಸಿಕೊಂಡು, ನೀರು ಬೀಳುವುದನ್ನು ನೋಡಲು ಸಂಡೂರಿಗೆ ಹೋದೆವು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಹೇಳಿದ್ದು ನಮ್ಮಂಥವರನ್ನು ನೋಡಿಯೇ ಇರಬೇಕು.

ಶುರುವಾಗಿದ್ದು ಮಗಳ ಮೊಬೈಲಿನಿಂದ. ಅವಳು ಹತ್ತನೇ ತರಗತಿ. ಪುಸ್ತಕ ತೆರೆದಾಗ ಬರುವ ನಿದ್ದೆ ಮೊಬೈಲು ತೆರೆದಾಗ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಗಣಪತಿ ಮುಳುಗಿಸಿದ ಮರುವಾರ ಒಂದು ಸಂಜೆ ಅವಳು ಅಜ್ಜಿಗೆ ಒಂದು ರೀಲ್ಸ್ ತೋರಿಸಿದಳು. ಸಂಡೂರಿನ ಗುಡ್ಡದ ಮೇಲಿಂದ ಬೆಳ್ಳಗೆ ನೀರು ಬೀಳುತ್ತಿದೆ, ಅದರ ಕೆಳಗೆ ಯಾವುದೋ ಹುಡುಗಿ ಕೈ ಚಾಚಿ, ಮುಖ ಮೇಲೆತ್ತಿ ನಿಂತಿದ್ದಾಳೆ, ಹಿಂದೆ ಯಾರೋ ಕೊಳಲು ಊದುತ್ತಿದ್ದಾರೆ. ನಮ್ಮ ಅತ್ತೆ ಅದನ್ನು ಒಮ್ಮೆ ನೋಡಿದರು. ಇನ್ನೊಮ್ಮೆ ಹಾಕು ಎಂದರು. ಆಮೇಲೆ ಕೊಳಲು ಬಂದ್ ಮಾಡಿ ಬರೀ ನೀರಿನ ಸಪ್ಪಳ ಹಾಕು ಎಂದರು. ಕೊಳಲು ತೆಗೆದರೆ ನೀರಿನ ಸಪ್ಪಳವೇ ಇರುವುದಿಲ್ಲ ಎಂದು ಮೊಮ್ಮಗಳು ವಿವರಿಸಿದಳು. ಅತ್ತೆಗೆ ಅದು ಮೋಸವಾಗಿ ಕಂಡಿತು.

ನಮ್ಮ ಅತ್ತೆಯ ಬಗ್ಗೆ ಹೇಳಬೇಕು. ಕಂಪ್ಲಿಯಿಂದ ಬುಕ್ಕಸಾಗರದವರೆಗೆ ಅವರು ಭತ್ತದ ನಾಟಿ ಹಚ್ಚದ ಗದ್ದೆ ಇಲ್ಲ. ಐವತ್ತು ವರ್ಷ ಇದೇ ಕೆಲಸ. ಹನ್ನೆರಡು ಹೆಂಗಸರ ಗುಂಪಿಗೆ ಅವರೇ ಮುಂದಾಳು. ಮೊಣಕಾಲುದ್ದ ಕೆಸರಿನಲ್ಲಿ ಬೆಳಗಿನಿಂದ ಸಂಜೆತನಕ ಬಗ್ಗಿ, ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ಸಸಿ ಊರುವುದು ಎಂದರೆ ಏನು ಎಂದು ನಾನು ಒಮ್ಮೆ, ಮದುವೆಯಾದ ಹೊಸತರಲ್ಲಿ, ಹುಮ್ಮಸ್ಸಿಗೆ ಹೋಗಿ ನೋಡಿದ್ದೇನೆ. ಇಪ್ಪತ್ತು ನಿಮಿಷಕ್ಕೆ ನನ್ನ ಹುಮ್ಮಸ್ಸು ಬದುವಿನ ಮೇಲೆ ಕೂತಿತ್ತು. ಈ ವರ್ಷ ಡಾಕ್ಟರು ಅತ್ತೆಯ ಸೊಂಟಕ್ಕೆ ಬೆಲ್ಟು ಕಟ್ಟಿ, ಇನ್ನು ಬಗ್ಗುವಂತಿಲ್ಲ ಎಂದುಬಿಟ್ಟರು. ಜುಲೈ ತಿಂಗಳಲ್ಲಿ ಗುಂಪು ಅವರನ್ನು ಬಿಟ್ಟು ಗದ್ದೆಗಿಳಿಯಿತು. ಅವರು ಒಂದು ಚೀಲ ಬಟ್ಟೆ, ಎರಡು ಚೀಲ ಅಭಿಪ್ರಾಯಗಳನ್ನು ತೆಗೆದುಕೊಂಡು ನಮ್ಮ ಮನೆಗೆ ಬಂದರು.

ಅಭಿಪ್ರಾಯಗಳಲ್ಲಿ ಮುಖ್ಯವಾದದ್ದು ನಮ್ಮ ಮೋಟರಿನ ಬಗ್ಗೆ. ಅವರ ಊರು ಕಾಲುವೆಯ ಬಾಲದಲ್ಲಿದೆ. ಮೇಲಿನವರೆಲ್ಲ ಕುಡಿದು, ತೊಳೆದು, ಚೆಲ್ಲಿ ಉಳಿದರೆ ಇವರಿಗೆ. ನೀರಿನ ಸರದಿಗಾಗಿ ಬದುವಿನ ಮೇಲೆ ಸಲಿಕೆ ಹಿಡಿದು ನಿಂತ ಹೆಂಗಸು ಅವರು. ಹೀಗಾಗಿ ನಮ್ಮ ಮೇಲಿನ ಟ್ಯಾಂಕು ತುಂಬಿ, ಹಿತ್ತಲಿನ ಪೈಪಿನಿಂದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಹನಿ ಬಿದ್ದರೂ ಸಾಕು, ಯಾರೋ ತೀರಿಕೊಂಡರೇನೋ ಎಂಬಂಥ ದನಿಯಲ್ಲಿ 'ಮೋಟರ್ ಬಂದ್ ಮಾಡ್ರೇ' ಎಂದು ಕೂಗುತ್ತಾರೆ. ದಿನಾ ಬೆಳಿಗ್ಗೆ. ಓಣಿಯವರೆಲ್ಲ ಈಗ ಅದನ್ನು ಕೇಳಿ ತಮ್ಮ ಮೋಟರೂ ಬಂದ್ ಮಾಡುತ್ತಾರೆ.

ಅಂಥವರು ಆ ರೀಲ್ಸ್ ನೋಡಿ, ತಮಗೆ ಅದರ ಕೆಳಗೆ ಒಮ್ಮೆ ನಿಲ್ಲಬೇಕು ಎಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಾಯಿ ಸುಮ್ಮನಿರಬೇಕಲ್ಲ. ಅಷ್ಟು ದೂರ ಯಾಕ್ರಿ, ನಾಳೆ ಟ್ಯಾಂಕ್ ತುಂಬಿದಾಗ ಹಿತ್ತಲ ಪೈಪಿನ ಕೆಳಗ ನಿಂದ್ರಿ, ಪೆಟ್ರೋಲ್ ಉಳೀತೈತಿ ಎಂದೆ. ಮಗಳು ನಕ್ಕಳು. ಅತ್ತೆ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ.

"ಐವತ್ತು ವರ್ಷ ನೀರಿಗೆ ನಾ ಬಗ್ಗೀನಿ," ಎಂದರು. "ಒಮ್ಮೆ ನಾ ನೆಟ್ಟಗ ನಿಂದರ್ತೀನಿ, ನೀರು ನನ್ನ ತೆಲಿ ಮ್ಯಾಲ ಬೀಳಲಿ."

ಚೆನ್ನಾಗಿಯೇ ಕುದಿಯುತ್ತಿದ್ದ ಸಾರಿಗೆ ಇನ್ನೊಮ್ಮೆ ಸೌಟು ಹಾಕಿ ತಿರುವಿದೆ. ಡಾಕ್ಟರು ಹೇಳಿದ್ದು ನನಗೂ ಗೊತ್ತಿತ್ತು. ಈ ವರ್ಷ ಗುಡ್ಡ ಹತ್ತಿದರೆ ಹತ್ತಿದರು, ಮುಂದಿನ ವರ್ಷ ಮನೆಯ ಮೆಟ್ಟಿಲು ಹತ್ತಿದರೆ ದೊಡ್ಡದು ಎಂದಿದ್ದರು. ಅತ್ತೆಗೂ ಅದು ಗೊತ್ತಿತ್ತು. ಆದ್ದರಿಂದ ಭಾನುವಾರ ಹೋಗುವುದೆಂದು ನಿರ್ಧಾರವಾಯಿತು.

ನಮ್ಮ ಯಜಮಾನರು ಕಾಲುವೆಯ ಮೇಲೆ ಗೇಜ್ ರೀಡರ್. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಕಾಲುವೆಯಲ್ಲಿ ನೆಟ್ಟ ಅಳತೆಪಟ್ಟಿ ನೋಡಿ, ಇಷ್ಟು ನೀರು ಹರಿಯುತ್ತಿದೆ ಎಂದು ಬರೆದು, ಆಫೀಸಿಗೆ ಫೋನು ಮಾಡುವುದು ಅವರ ಕೆಲಸ. ಇಪ್ಪತ್ತಾರು ವರ್ಷ ಇದನ್ನೇ ಮಾಡಿ ಅವರಿಗೆ ಒಂದು ನಂಬಿಕೆ ಗಟ್ಟಿಯಾಗಿದೆ. ಏನೆಂದರೆ, ಲೋಕದಲ್ಲಿ ನೀರು ತಾನಾಗಿ ಬರುವುದಿಲ್ಲ, ಯಾರೋ ಬಿಡುತ್ತಾರೆ. ಬಿಡುವವನಿಗೆ ಒಂದು ಟೈಮು ಇರುತ್ತದೆ, ಅವನ ಮೇಲೆ ಒಬ್ಬ ಸಾಹೇಬ ಇರುತ್ತಾನೆ. ಜೋರು ಮಳೆ ಬಂದರೂ ಕಿಟಕಿಯಿಂದ ಇಣುಕಿ, ಇವತ್ತು ಜಾಸ್ತಿ ಬಿಟ್ಟಾರ ಎನ್ನುವ ಮನುಷ್ಯ. ಅತ್ತೆಯದೂ ಇದೇ ಮತ. ತಾಯಿ ಮಗ ಇಬ್ಬರೂ ಕೂತು ನೀರಿನ ಬಗ್ಗೆ ಮಾತಾಡಿದರೆ ಭೂಮಿಯ ಮೇಲೆ ಸಮುದ್ರ, ಮೋಡ, ಮುಂಗಾರು ಏನೂ ಇಲ್ಲ, ಬರೀ ಕಾಲುವೆಯ ಶಟರು ಮಾತ್ರ ಇದೆ ಅನ್ನಿಸುತ್ತದೆ.

ಇವರ ನಡುವೆ ವಿದ್ಯಾವಂತೆ ಎಂದರೆ ನಾನೊಬ್ಬಳೇ. ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಜಲಚಕ್ರ, ಮೋಡದ ವಿಧಗಳು, ಮಳೆಯ ವಿಧಗಳು ಎಲ್ಲ ನನಗೆ ಬಾಯಿಪಾಠ. ಹದಿನೆಂಟು ವರ್ಷದಿಂದ ಅದೇ ಸೀಮೆಸುಣ್ಣ, ಅದೇ ಚಿತ್ರ. ಈ ಕಥೆಯಲ್ಲಿ ತಪ್ಪು ಮಾಡಿದ್ದು ಯಾರು ಎಂದು ಈಗಲೇ ಊಹಿಸುವವರಿಗೆ ನನ್ನ ಶುಭಾಶಯಗಳು.

ಭಾನುವಾರ ಬೆಳಿಗ್ಗೆ ನಾನು ಎದ್ದು ನೋಡುವಾಗ ಅತ್ತೆ ಹಿತ್ತಲ ಕಟ್ಟೆಯ ಮೇಲೆ ಕೂತು ತಲೆಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಸ್ವಲ್ಪ ಅಲ್ಲ, ಹಣೆಯ ಮೇಲೆ ಇಳಿಯುವಷ್ಟು. ಪಕ್ಕದಲ್ಲಿ ಪೇಪರಿನ ಪೊಟ್ಟಣದಲ್ಲಿ ಸೀಗೆಪುಡಿ. ಚೀಲದಲ್ಲಿ ಒಣ ಸೀರೆ. ನೀರಿನ ಕೆಳಗೆ ಹೇಗೂ ನಿಲ್ಲುತ್ತೇನೆ, ಎರೆದುಕೊಂಡೇ ಬರುತ್ತೇನೆ ಎಂಬುದು ಅವರ ಲೆಕ್ಕಾಚಾರ. ಜನ ಜಲಪಾತಕ್ಕೆ ಕ್ಯಾಮೆರಾ ತೆಗೆದುಕೊಂಡು ಹೋಗುತ್ತಾರೆ, ನಮ್ಮ ಮನೆಯವರು ಸೀಗೆಪುಡಿ ತೆಗೆದುಕೊಂಡು ಹೋಗುತ್ತಾರೆ ಎಂದು ನಾನು ಮಗಳ ಕಿವಿಯಲ್ಲಿ ಹೇಳಿದೆ. ಅತ್ತೆಯ ಕಿವಿ ಸೊಂಟದ ಹಾಗಲ್ಲ, ಚೆನ್ನಾಗಿದೆ. ಕೇಳಿಸಿತು.

ನಾನೂ ಒಂದು ಹೊರೆ ಹೊತ್ತಿದ್ದೆ. ಟೆಸ್ಟಿನ ಉತ್ತರ ಪತ್ರಿಕೆಗಳು, ಅರವತ್ತೆರಡು. ಸೋಮವಾರ ಹಂಚಬೇಕು. ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ, ಆದರೆ ತಲೆಯಲ್ಲಿ ಹೊತ್ತುಕೊಂಡೇ ಬಂದಿದ್ದೆ. ಯಜಮಾನರು ಬೆಳಗಿನ ಗೇಜು ನೋಡಿ, ಸಂಜೆಯದನ್ನು ಜೊತೆಯವನಿಗೆ ಒಪ್ಪಿಸಿ ಬಂದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಕಟ್ಟಿಕೊಂಡು ನಮ್ಮ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಒಂಬತ್ತಕ್ಕೆ ಹೊರಟೆವು.

ಸಂಡೂರು ರಸ್ತೆಯ ಸೌಂದರ್ಯವನ್ನು ನಾನು ವರ್ಣಿಸಬೇಕಿಲ್ಲ, ಅದು ಬಟ್ಟೆಗೆ ಅಂಟಿಕೊಂಡು ಮನೆಗೇ ಬರುತ್ತದೆ. ಅದಿರಿನ ಲಾರಿಗಳು ಭಾನುವಾರ ಎಂದು ಸುಮ್ಮನಿರುವುದಿಲ್ಲ. ಮರ ಕೆಂಪು, ಮೈಲಿಗಲ್ಲು ಕೆಂಪು, ಅಡ್ಡ ಮಲಗಿದ್ದ ಬಿಳಿನಾಯಿಯೂ ಕೆಂಪು. ಅದನ್ನು ದಾಟಿದರೆ ಮಾತ್ರ, ಒಪ್ಪಬೇಕು, ಗುಡ್ಡಗಳು ಇದ್ದಕ್ಕಿದ್ದಂತೆ ಹಸಿರಾಗುತ್ತವೆ. ಅಷ್ಟು ಹಸಿರು ನಮ್ಮ ಕಡೆ ಇದೆಯೆಂದು ನಮಗೇ ನಂಬಿಕೆ ಬರುವುದಿಲ್ಲ. ಮಗಳು ಕಿಟಕಿಯಿಂದ ವಿಡಿಯೋ ಮಾಡಿದಳು. ಅತ್ತೆ ಆ ಇಳಿಜಾರು ನೋಡಿ, ಇಲ್ಲಿ ನಾಟಿ ಹಚ್ಚಾಕ ಆಗಂಗಿಲ್ಲ ಎಂದು ತೀರ್ಪು ಕೊಟ್ಟರು.

ಗಾಡಿ ನಿಲ್ಲಿಸುವ ಜಾಗದಲ್ಲಿ ಆಗಲೇ ಇಪ್ಪತ್ತು ಕಾರು. ಅರ್ಧಕ್ಕರ್ಧ ಬೆಂಗಳೂರಿನವು. ಶನಿವಾರ ಹಂಪಿ ಮುಗಿಸಿ, ಭಾನುವಾರ ಜಲಪಾತ ಮುಗಿಸಿ, ಸೋಮವಾರ ಆಫೀಸಿನಲ್ಲಿ ಕೂರುವ ಜನ. ಹಂಪಿಯನ್ನು ಒಂದೇ ದಿನಕ್ಕೆ ಮುಗಿಸುವವರನ್ನು ಕಂಡರೆ ನನಗೆ ಗೌರವ. ನಮ್ಮ ಮನೆಗೆ ಬರುವ ನೆಂಟರಿಗೆಲ್ಲ ಸಂಬಳವಿಲ್ಲದ ಗೈಡು ನಾನೇ. ಐವತ್ತು ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥದ ಮುಂದೆ ಆ ನೋಟು ಹಿಡಿದು ನಿಂತವರ ಫೋಟೋ ತೆಗೆದೂ ತೆಗೆದೂ ನನ್ನ ಅರ್ಧ ಆಯುಷ್ಯ ಹೋಗಿದೆ, ಆದರೂ ಹಂಪಿ ಮುಗಿದಿಲ್ಲ.

ಅಲ್ಲಿಂದ ಮೇಲಕ್ಕೆ ಕಲ್ಲಿನ ದಾರಿ. ಹುಡುಗರು ಇಪ್ಪತ್ತು ನಿಮಿಷಕ್ಕೆ ಹತ್ತುತ್ತಾರಂತೆ. ನಾವು ಒಂದೂವರೆ ತಾಸು ಹತ್ತಿದೆವು. ಅತ್ತೆಯ ಒಂದು ಕೈ ಮಗನ ಹೆಗಲ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ಬಿಡುತ್ತಿದ್ದರು. ಬೆಲ್ಟು ಪಕ್ಕೆಗೆ ಚುಚ್ಚುತ್ತಿತ್ತು. ವಾಪಸ್ ಹೋಗೋಣೇನ್ರಿ ಎಂದು ಎರಡು ಸಲ ಕೇಳಿದೆ. ಅವರು ಉತ್ತರ ಕೊಡುವ ಬದಲು ನನ್ನ ಹೆಗಲು ಹಿಂಡಿ ಮುಂದಿನ ಹೆಜ್ಜೆ ಇಟ್ಟರು. ಹರಳೆಣ್ಣೆ ಬಿಸಿಲಿಗೆ ಕರಗಿ ಕಿವಿಯ ಹಿಂದೆ ಇಳಿಯುತ್ತಿತ್ತು.

ಮೇಲೆ ಹೋಗಿ ನೋಡಿದರೆ ಏನಿದೆ? ಎರಡಾಳೆತ್ತರದ ಇಪ್ಪತ್ತು ಕಪ್ಪು ಬಂಡೆ ಒಂದರ ಮೇಲೊಂದು, ಅದರ ಮಧ್ಯೆ ಒಂದು ಒದ್ದೆ ಗೆರೆ. ಅಷ್ಟೇ. ನೀರು ಬೀಳುತ್ತಿರಲಿಲ್ಲ, ಜಿನುಗುತ್ತಿತ್ತು. ಆ ಗೆರೆಗೆ ಬೆನ್ನು ಕೊಟ್ಟು ನಲವತ್ತು ಜನ ಸರದಿಯಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು, ಆಮೇಲೆ ಅದಕ್ಕೆ ಕೊಳಲು ಸೇರಿಸುತ್ತಾರೆ. ಅತ್ತೆ ಬಂಡೆಯ ಬುಡಕ್ಕೆ ಹೋಗಿ, ಒದ್ದೆಯ ಮೇಲೆ ಅಂಗೈ ಇಟ್ಟು, ಆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಆಗ ಅವರ ಮುಖ ನೋಡಿ ನನಗೂ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ.

ಯಜಮಾನರು ಮಾತ್ರ ಎದೆಗುಂದಲಿಲ್ಲ. ಇದು ಆಫ್ ಟೈಮು ಎಂದರು. ಮೇಲೆ ಎಲ್ಲೋ ಒಂದು ಒಡ್ಡು ಇರಬೇಕು, ಅದಕ್ಕೊಬ್ಬ ಆಳು ಇರಬೇಕು ಎಂದು ಬಂಡೆಯ ತುದಿಯನ್ನೇ ದಿಟ್ಟಿಸಿ, ಕೊನೆಗೆ ಅಲ್ಲೇ ನೀಲಿ ತಾಡಪಾಲಿನ ಕೆಳಗೆ ಮಿರ್ಚಿ ಕರಿಯುತ್ತಿದ್ದ ಹೆಂಗಸಿನ ಹತ್ತಿರ ವಿಚಾರಣೆಗೆ ಹೋದರು. ಐವತ್ತರ ಆಸುಪಾಸಿನ ಹೆಂಗಸು, ಅಲ್ಲೇ ಕೆಳಗಿನ ಊರಿನವಳು.

"ನೀರು ಎಷ್ಟಕ್ಕ ಬಿಡ್ತಾರ್ರಿ?" ಎಂದು ನನ್ನ ಗಂಡ, ಒಂದು ಪ್ರಕೃತಿ ಸಹಜ ಜಲಪಾತದ ಬಗ್ಗೆ, ಎಲ್ಲರಿಗೂ ಕೇಳುವಂತೆ ಕೇಳಿದರು.

ಆ ಹೆಂಗಸು ಎಣ್ಣೆಯಿಂದ ಕಣ್ಣೆತ್ತಲಿಲ್ಲ. "ಮೂರಕ್ಕರಿ," ಎಂದಳು. "ಎಂಟು ದಿನದಿಂದ ದಿನಾ ಮೂರಕ್ಕ ಬರಾಕತ್ತೈತಿ."

ಇವರು ಸರ್ಕಾರಿ ಆದೇಶ ಕೈಗೆ ಬಂದವರ ಹಾಗೆ ವಾಪಸ್ ಬಂದು, ಮರದ ಕೆಳಗೆ ಟವೆಲು ಹಾಸಿ, ತಾಯಿಯನ್ನು ಕೂರಿಸಿದರು. ಆಗ ಹನ್ನೆರಡೂವರೆ. ಇನ್ನು ಎರಡೂವರೆ ತಾಸು. ತಾಯಿ ಮಗ ಇಬ್ಬರ ಮುಖದಲ್ಲೂ ನೆಮ್ಮದಿ. ಟೈಮು ಗೊತ್ತಾದ ಮೇಲೆ ಕಾಯುವುದೇನು ಕಷ್ಟ? ಕಾಲುವೆಯ ಬಾಲದಲ್ಲಿ ಬದುಕಿದವರಿಗೆ ಕಾಯುವುದು ಕಲಿಸಿಕೊಡಬೇಕೆ?

ನಾನು ಸುಮ್ಮನಿರಬಹುದಿತ್ತು. ಹದಿನೆಂಟು ವರ್ಷ ಪಾಠ ಮಾಡಿದ ಬಾಯಿ ಸುಮ್ಮನಿರುವುದಿಲ್ಲ. ಎದ್ದು ಹೋಗಿ, ಒಂದು ಪ್ಲೇಟು ಮಿರ್ಚಿ ತಿನ್ನುತ್ತ ಆ ಹೆಂಗಸಿಗೆ ಜಲಚಕ್ರ ವಿವರಿಸಿದೆ. ಜಲಪಾತಕ್ಕೆ ಗೇಟು ಇರುವುದಿಲ್ಲ, ಗುಡ್ಡದ ಮೇಲೆ ಮಳೆಯಾದರೆ ಮಾತ್ರ ನೀರು, ಮಳೆಗೆ ಗಡಿಯಾರ ಗೊತ್ತಿಲ್ಲ, ಪಾಪದ ಮುದುಕಿಗೆ ಸುಮ್ಮನೆ ಆಸೆ ಹುಟ್ಟಿಸಬೇಡಿ ಎಂದೆ. ಅವಳು ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದಳು. ಇರಬಹುದ್ರಿ, ನಾ ಸಾಲಿ ಕಲಿತಿಲ್ಲ ಎಂದಳು. ಆಮೇಲೆ ಇನ್ನೊಂದು ಪ್ಲೇಟ್ ಹಾಕ್ಲೇನ್ರಿ ಎಂದು ಕೇಳಿದಳು. ಅಲ್ಲಿಗೆ ನನಗೆ ಗುಟ್ಟು ತಿಳಿದುಹೋಯಿತು. ಜನ ಮೂರರ ತನಕ ಕೂತರೆ ತಾನೆ ಮಿರ್ಚಿ ಖರ್ಚಾಗುವುದು. ವ್ಯಾಪಾರಂ ದ್ರೋಹ ಚಿಂತನಂ. ಈ ಶೋಧನೆಯನ್ನು ಟವೆಲಿಗೆ ಮರಳಿ ಎಲ್ಲರಿಗೂ ಸಾರಿದೆ. ಎರಡನೇ ಪ್ಲೇಟು ಮಿರ್ಚಿ ತಿನ್ನುತ್ತಲೇ ಸಾರಿದೆ ಎಂಬುದನ್ನೂ ಹೇಳಬೇಕು, ಅದು ಚೆನ್ನಾಗಿತ್ತು.

ರೊಟ್ಟಿ ಬುತ್ತಿ ಬಿಚ್ಚಿ ಉಂಡೆವು. ಒಂದೂವರೆ ಆಯಿತು, ಎರಡಾಯಿತು. ಬಿಸಿಲು ಎಂದರೆ ಬಿಸಿಲು. ಗಾಳಿ ಇಲ್ಲ, ಮೈಯೆಲ್ಲ ಜಿಗುಟು ಜಿಗುಟು, ಬಂಡೆಯ ಮೇಲೆ ಕಾಲಿಟ್ಟರೆ ಸುಡುತ್ತಿತ್ತು. ಬೆಳಗಿನಿಂದ ನೀಲಿಯಾಗಿದ್ದ ಆಕಾಶದಲ್ಲಿ ಗುಡ್ಡದ ನೆತ್ತಿಗೆ ಸರಿಯಾಗಿ ನಾಲ್ಕು ಹತ್ತಿ ಉಂಡೆಯಂಥ ಬಿಳಿ ಮೋಡ ಬಂದು ಕೂತಿದ್ದವು. ಮಗಳು ಅದನ್ನು ತೋರಿಸಿ, ಅಮ್ಮಾ ಮಳೆ ಬರ್ತೈತೇನು ಎಂದಳು. ಇಂಥ ಉರಿಬಿಸಿಲಲ್ಲಿ ಎಂಥ ಮಳೆ, ಅವು ಬರೀ ಶೋಕಿಗೆ ಬಂದ ಮೋಡ ಎಂದೆ. ಹತ್ತನೇ ತರಗತಿಯ ಹುಡುಗಿಗೆ, ಸಮಾಜ ವಿಜ್ಞಾನದ ಟೀಚರು ಹೇಳಿದ ಮಾತು ಇದು.

ಬೆಂಗಳೂರಿನವರೆಲ್ಲ ಒಬ್ಬೊಬ್ಬರಾಗಿ ಇಳಿದುಹೋದರು. ಆರೇಳು ಕಾಲೇಜು ಹುಡುಗರು ಮಾತ್ರ ಬಂಡೆಯ ನೆರಳಲ್ಲಿ ಬಿದ್ದುಕೊಂಡಿದ್ದರು. ನನಗೆ ಅರವತ್ತೆರಡು ಉತ್ತರ ಪತ್ರಿಕೆಗಳು ಒಂದೊಂದಾಗಿ ಕಣ್ಣಮುಂದೆ ಬರತೊಡಗಿದವು. ಎದ್ದು ನಿಂತು, ನಡೀರಿ ಎಂದೆ.

ಯಜಮಾನರು ವಾಚು ತೋರಿಸಿದರು. ಇನ್ನು ಮುಕ್ಕಾಲು ತಾಸಷ್ಟೇ ಎಂದರು. ನಾನು ಅವರ ಇಪ್ಪತ್ತಾರು ವರ್ಷದ ಸರ್ವೀಸಿನ ಬಗ್ಗೆ ಎರಡು ಒಳ್ಳೆಯ ಮಾತು ಹೇಳಿದೆ. ಅವು ಎಷ್ಟು ಒಳ್ಳೆಯವು ಎಂದರೆ ಕಾಲೇಜು ಹುಡುಗರೂ ಎದ್ದು ಕೂತು ಕೇಳಿದರು. ಇವರು ನನ್ನ ಜೊತೆ ಜನರೆದುರು ವಾದ ಮಾಡುವವರಲ್ಲ. ಟವೆಲು ಕೊಡವಿದರು.

ಅತ್ತೆ ಮಾತ್ರ ಏಳಲಿಲ್ಲ. ತಲೆಯ ಎಣ್ಣೆ ಒರೆಸಿಕೊಳ್ಳುತ್ತ, "ಇನ್ನೊಂದು ಅರ್ಧ ತಾಸು ಕುಂದ್ರೋಣವಾ," ಎಂದರು. ಅವರು ನನ್ನ ಹತ್ತಿರ ಯಾವತ್ತೂ ಏನನ್ನೂ ಕೇಳಿದವರಲ್ಲ. ಹೇಳಿದವರು, ಕೂಗಿದವರು, ಬೈದವರು. ಕೇಳಿದ್ದು ಅದೇ ಮೊದಲು.

"ಅತ್ತಿ, ಇದು ನಿಮ್ಮ ಕಾಲುವಿ ಅಲ್ರಿ, ಮಗ ಫೋನ್ ಮಾಡಿದರ ಬರಾಕ," ಎಂದೆ ನಾನು.

ಅವರು ಎರಡೂ ಕೈ ನೆಲಕ್ಕೂರಿ ಎದ್ದರು.

ಇಳಿಯಲು ಹತ್ತಿದ ಅರ್ಧ ಹೊತ್ತು ಸಾಕು, ನೋವು ಮಾತ್ರ ಹತ್ತುವುದಕ್ಕಿಂತ ಹೆಚ್ಚು ಎಂದು ಸೊಂಟ ಹೋದವರಿಗೆ ಗೊತ್ತು. ಒಂದೊಂದು ಕಲ್ಲಿಗೂ ಅವರು ಹಲ್ಲು ಕಚ್ಚುತ್ತಿದ್ದರು. ಅರ್ಧ ದಾರಿಗೆ ಬಂದಾಗ ಮೇಲೆ ಎಲ್ಲೋ ಗುಡುಗುಡು ಎಂದಿತು. ಗಣಿಯಾಗ ಬ್ಲಾಸ್ಟ್ ಮಾಡಾಕತ್ತಾರ ಎಂದೆ. ಭಾನುವಾರ ಬ್ಲಾಸ್ಟಿಂಗ್ ಇರಂಗಿಲ್ಲ ಎಂದು ಯಜಮಾನರು ಗೊಣಗಿದರು. ಹಾಗಾದರೆ ಲಾರಿ ಇರಬೇಕು ಎಂದೆ. ನನ್ನ ಹತ್ತಿರ ಉತ್ತರಗಳಿಗೇನು ಬರವೇ?

ಕೆಳಗೆ ಬಂದು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ದಪ್ಪ ದಪ್ಪ ನಾಲ್ಕು ಹನಿ ಗಾಜಿನ ಮೇಲೆ ಬಿದ್ದವು. ತಿರುಗಿ ನೋಡಿದರೆ ಗುಡ್ಡದ ನೆತ್ತಿ ಇರಲಿಲ್ಲ. ಶೋಕಿಗೆ ಬಂದ ಮೋಡ ಕಪ್ಪಾಗಿ, ಅದರ ಕೆಳಗೆ ಬೂದು ಪರದೆ ಇಳಿದಿತ್ತು. ನಾವು ನಿಂತಲ್ಲಿ ಬಿಸಿಲು. ಐದು ನಿಮಿಷ ಹಾಗೇ ನಿಂತಿದ್ದೆವು. ಆಮೇಲೆ ಮೊದಲು ಸಪ್ಪಳ ಬಂತು, ಡ್ಯಾಮಿನ ಒಂದು ಗೇಟನ್ನು ಸ್ವಲ್ಪವೇ ಎತ್ತಿದಂಥ ಸಪ್ಪಳ. ಕಪ್ಪು ಬಂಡೆಗಳ ಮಧ್ಯೆ ಒದ್ದೆ ಗೆರೆ ಇದ್ದಲ್ಲಿ ಒಂದು ಬಿಳಿ ಸೀರೆ ಬಿಚ್ಚಿಕೊಳ್ಳುತ್ತ ಕೆಳಗಿಳಿಯಿತು. ಆ ಕಾಲೇಜು ಹುಡುಗರ ಕೇಕೆ ಕೆಳಗೆ ನಮ್ಮ ತನಕ ಕೇಳಿಸಿತು.

ಯಜಮಾನರು ವಾಚು ನೋಡಿದರು. "ಮೂರೂ ಹತ್ತು," ಎಂದರು. "ಹತ್ತು ನಿಮಿಷ ಲೇಟ್ ಬಿಟ್ಟಾರ."

ಅತ್ತೆ ಕಾರಿನ ಬಾಗಿಲು ಹಿಡಿದುಕೊಂಡು ನೋಡುತ್ತಿದ್ದರು. ಮತ್ತೆ ಹತ್ತುವ ಮಾತು ಯಾರೂ ಎತ್ತಲಿಲ್ಲ. ಒದ್ದೆ ಕಲ್ಲು, ಒಂದೂವರೆ ತಾಸಿನ ದಾರಿ, ಆ ಸೊಂಟ. ಅವರಿಗೇ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಸ್ವಲ್ಪ ಹೊತ್ತು ನೋಡಿ, ಬೆಲ್ಟು ಸರಿಮಾಡಿಕೊಂಡು, ಸೀಗೆಪುಡಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನು ತಿರುಗಿ ಅನ್ನಬಹುದಿತ್ತು, ಆ ಅವಕಾಶವನ್ನೂ ಕೊಡಲಿಲ್ಲ. ದಾರಿಯುದ್ದಕ್ಕೂ ಕಾಕತಾಳೀಯ, ಕಾಕತಾಳೀಯ ಎಂದು ನಾನೊಬ್ಬಳೇ ಮಾತಾಡಿದೆ. ಲಾರಿಗಳು ಹಾರ್ನ್ ಹೊಡೆದು ಒಪ್ಪಿಗೆ ಸೂಚಿಸಿದವು.

ಮನೆಗೆ ಬಂದಾಗ ಐದು ಗಂಟೆ. ಅತ್ತೆ ಹಿತ್ತಲ ಕಟ್ಟೆಗೆ ಹೋಗಿ ಎಣ್ಣೆತಲೆಯಲ್ಲೇ ಕೂತರು. ನೀರು ಕಾಯಿಸಿ ಕೊಡಲೇ ಎಂದು ಕೇಳಿದೆ, ಆಮೇಲೆ ನೋಡಾಣು ಎಂದರು. ನಾನು ಉತ್ತರ ಪತ್ರಿಕೆ, ಕೆಂಪು ಪೆನ್ನು ಹಿಡಿದು ಕೂತೆ. ಏಳನೆಯದೋ ಎಂಟನೆಯದೋ ಪತ್ರಿಕೆ. ಸದಾ ಹಿಂದಿನ ಬೆಂಚಿನಲ್ಲಿ ಕೂತು ತೂಕಡಿಸುವ ಚಿತ್ತವಾಡ್ಗಿಯ ಹುಡುಗಿಯದು. ಪ್ರಶ್ನೆ: ಪರಿಸರಣ ಮಳೆ ಎಂದರೇನು? ಪ್ರಶ್ನೆ ನಾನೇ ತೆಗೆದದ್ದು. ಅವಳು ಕೋಳಿಕಾಲಿನ ಅಕ್ಷರದಲ್ಲಿ ಬರೆದಿದ್ದಳು: ಬಿಸಿಲು ಜೋರಾಗಿ ನೆಲ ಕಾದು ಗಾಳಿ ಮೇಲೆ ಹೋಗಿ ಹತ್ತಿಯಂಥ ಮೋಡ ಆಗುತ್ತದೆ, ಅದು ಮಧ್ಯಾಹ್ನದ ಮೇಲೆ ಮಳೆ ಸುರಿಸುತ್ತದೆ, ಕೆಲವು ಕಡೆ ದಿನಾ ಒಂದೇ ಹೊತ್ತಿಗೆ ಬರುವುದರಿಂದ ನಾಲ್ಕು ಗಂಟೆಯ ಮಳೆ ಎಂದು ಕರೆಯುತ್ತಾರೆ. ನಾನು ಹೇಳಿಕೊಟ್ಟದ್ದು, ಒಂದು ಅಕ್ಷರ ಬಿಡದೆ.

ಪೆನ್ನು ಕೈಯಲ್ಲೇ ನಿಂತಿತು. ಉರಿಬಿಸಿಲು ಇತ್ತು. ಗಾಳಿಯಿಲ್ಲದ ಜಿಗುಟು ಇತ್ತು. ಹತ್ತಿ ಉಂಡೆ ಇತ್ತು, ಮಗಳು ಬೆರಳು ಮಾಡಿ ತೋರಿಸಿದ್ದಳು. ಎ, ಬಿ, ಸಿ ಎಂದು ಚಿತ್ರದಲ್ಲಿ ಗುರುತು ಹಾಕುವುದೊಂದು ಬಾಕಿ. ಮಿರ್ಚಿ ಕರಿಯುವ ಹೆಂಗಸು ಎಂಟು ದಿನ ಕಣ್ಣಿಂದ ನೋಡಿ ಕಲಿತದ್ದನ್ನು ನಾನು ಹದಿನೆಂಟು ವರ್ಷ ಬಾಯಿಂದ ಹೇಳಿಯೂ ಕಲಿತಿರಲಿಲ್ಲ. ಪುಸ್ತಕದ ಬದನೆಕಾಯಿ ಎಂದು ಬೇರೆಯವರನ್ನು ಆಡಿಕೊಳ್ಳುತ್ತಿದ್ದೆ, ನನ್ನ ಮನೆಯಲ್ಲಿ ಅದರ ತೋಟವೇ ಇತ್ತು. ಆ ಹುಡುಗಿಗೆ ಎರಡಕ್ಕೆ ಎರಡು ಅಂಕ ಕೊಟ್ಟೆ.

ಎದ್ದು ಹೋಗಿ ಮೋಟರ್ ಹಾಕಿದೆ. ಟ್ಯಾಂಕು ಬೆಳಿಗ್ಗೆಯೇ ತುಂಬಿತ್ತು. ಎರಡು ನಿಮಿಷಕ್ಕೆ ಹಿತ್ತಲ ಪೈಪಿನಿಂದ ನೀರು ಹೊರಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಧೋ ಎಂದು ಬೀಳತೊಡಗಿತು. ಅತ್ತೆ ಬೆಚ್ಚಿ ಕತ್ತೆತ್ತಿ, ಅಭ್ಯಾಸಬಲದಿಂದ ಮೋಟರ್ ಬಂದ್ ಮಾಡು, ನೀರು ಹಾಳಾಗ್ತೈತಿ ಎಂದರು. ನಾನು ಮಾಡಲಿಲ್ಲ. ಹಿತ್ತಲ ಬಾಗಿಲಲ್ಲಿ, ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದೆ.

"ಅತ್ತಿ, ತಪ್ಪು ನಂದು," ಎಂದೆ. "ಮೂರಕ್ಕ ಬರೋದು ನನಗ ಗೊತ್ತಿರಬೇಕಿತ್ರಿ. ಕುಂದ್ರೋಣು ಅಂದ್ರಿ, ನಾ ಎಬ್ಬಿಸಿಕೊಂಡು ಬಂದೆ."

ಅವರು ನನ್ನನ್ನು ನೋಡಿದರು, ನೀರನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ರೊಟ್ಟಿ ಬಡಿಯುವಾಗ ನಾನು ಆಡಿದ ಮಾತು ಇಬ್ಬರಿಗೂ ನೆನಪಿತ್ತು. ಅತ್ತೆ ಎದ್ದು ಬೆಲ್ಟು ಬಿಚ್ಚಿ ಬಟ್ಟೆಯ ತಂತಿಗೆ ಹಾಕಿದರು. ಸೀಗೆಪುಡಿಯ ಪೊಟ್ಟಣ ಬಿಡಿಸಿ ಕಟ್ಟೆಯ ಮೇಲಿಟ್ಟರು. ಗೋಡೆ ಹಿಡಿದುಕೊಂಡು ಕಲ್ಲಿನ ಮೇಲೆ ಹತ್ತಿ, ಪೈಪಿನ ಕೆಳಗೆ ನಿಂತರು.

ಅದು ಜಲಪಾತವಲ್ಲ. ಎರಡು ಇಂಚಿನ ಪ್ಲಾಸ್ಟಿಕ್ ಪೈಪು, ಪಾಚಿ ವಾಸನೆಯ ನೀರು, ಪಕ್ಕದಲ್ಲಿ ನಮ್ಮ ತೊಳೆಯದ ಕುಕ್ಕರು. ಅತ್ತೆ ಎರಡೂ ಕೈ ಸೊಂಟದ ಮೇಲಿಟ್ಟು, ಬೆನ್ನನ್ನು ಒಂದೊಂದು ಗೆಣ್ಣಾಗಿ ಎತ್ತಿದರು. ಪೂರ್ತಿ ನೆಟ್ಟಗಾಗಲಿಲ್ಲ. ಅದು ಎಷ್ಟು ಏಳುತ್ತದೋ ಅಷ್ಟು ಎತ್ತಿ ನಿಲ್ಲಿಸಿ, ಮುಖ ಮೇಲೆ ಮಾಡಿದರು. ನೀರು ನೆತ್ತಿಯ ಮೇಲೆ ಬಿದ್ದು, ಹರಳೆಣ್ಣೆಯನ್ನು ಬಿಡಿಸಿಕೊಂಡು, ಹೆಗಲ ಮೇಲಿಂದ ಇಳಿಯಿತು. ಯಜಮಾನರು ಸಪ್ಪಳಕ್ಕೆ ಓಡಿಬಂದರು. ಪೈಪು ನೋಡಿದರು, ಎಷ್ಟು ಹರಿಯುತ್ತಿದೆ ಎಂದು ಹೇಳಲು ಬಾಯಿ ತೆರೆದರು, ತಾಯಿಯನ್ನು ನೋಡಿ ಬಾಯಿ ಮುಚ್ಚಿಕೊಂಡರು. ಮಗಳ ಕೈಯಲ್ಲಿ ಮೊಬೈಲು ಇತ್ತು, ಅವಳೂ ಎತ್ತಲಿಲ್ಲ.

ಎಷ್ಟೋ ಹೊತ್ತಾಯಿತು. ಹಿತ್ತಲೆಲ್ಲ ನೀರು. ಓಣಿಯಲ್ಲಿ ಯಾರೋ ಮೋಟರ್ ಯಾರದ್ರೀ ಎಂದು ಕೂಗಿದರು. ಮೂರು ತಿಂಗಳ ರೂಢಿ, ನನ್ನ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು.

ಅತ್ತೆ ಕಣ್ಣು ತೆರೆಯಲಿಲ್ಲ. "ಇರಲಿ," ಎಂದರು. "ಇನ್ನೊಂಚೂರು ಬಿಡು."

ನಾನು ಕೈ ತೆಗೆದೆ.